ಟಿಕೆಟ್ ಇಲ್ಲದ ಮುದ್ದೆ

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ತುತ್ತು ಮುರಿದು, ಬೆರಳಲ್ಲಿ ಗುಂಡಗೆ ಮಾಡಿ, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟು ಗುಳುಕ್ಕನೆ ಒಳಗೆ ಕಳಿಸಬೇಕು. ಹಲ್ಲಿಗೆ ಇದರಲ್ಲಿ ಏನೂ ಕೆಲಸವಿಲ್ಲ. ನಮ್ಮ ಕಾಲೇಜಿಗೆ ಕರಾವಳಿಯಿಂದ ವರ್ಗವಾಗಿ ಬಂದ ಮೇಡಂ ಒಬ್ಬರು ಮನೆಗೆ ಊಟಕ್ಕೆ ಬಂದಾಗ, ಎಷ್ಟು ಹೇಳಿದರೂ ಕೇಳದೆ ಅಗಿದರು. ಆಮೇಲೆ ಬಹಳ ಹೊತ್ತು ಮಾತೇ ಆಡಲಿಲ್ಲ, ಹಲ್ಲಿಗೆಲ್ಲ ಅಂಟಿಕೊಂಡಿತ್ತು. "ಇದು ಮುದ್ದೆ ಮೇಡಂ, ಬಬಲ್ ಗಮ್ ಅಲ್ಲ" ಎಂದೆ. ಅವರಿಗೆ ಸ್ವಲ್ಪ ಬೇಜಾರೂ ಆಯಿತು. ನನ್ನ ಬಾಯಿ ಹಾಗೆ, ಏನು ಮಾಡೋದು.

ಇಂಥ ಪಾಪದ ಮುದ್ದೆಯಿಂದ ಒಂದು ಹೊಸ ವೈಜ್ಞಾನಿಕ ಸಿದ್ಧಾಂತ ಹುಟ್ಟಿಕೊಂಡಿದೆ ಎಂದು ನನಗೆ ತಿಳಿದದ್ದು ಕಳೆದ ವರ್ಷ ಮಳೆಗಾಲದ ಒಂದು ಭಾನುವಾರ, ಶಿಡ್ಲಘಟ್ಟದಲ್ಲಿ ಅಪ್ಪನ ಮನೆಯಲ್ಲಿ ಊಟಕ್ಕೆ ಕೂತಾಗ. ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ಅಲ್ಲಿನ ಒಂದು ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತೇನೆ. ಭಾನುವಾರ ಬಸ್ಸು ಹತ್ತಿ ಹೋಗಿ ಅಮ್ಮನ ಕೈಯ ಬಸ್ಸಾರು ಮುದ್ದೆ ಉಂಡು ಬರುವುದು ರೂಢಿ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಒಂದು ಕಡೆ ತೊಂಡೇಬಾವಿ, ಇನ್ನೊಂದು ಕಡೆ ಕೆಂಚಾರ್ಲಹಳ್ಳಿ, ನಡುವೆ ಸಿಕ್ಕ ಊರುಗಳಲ್ಲೆಲ್ಲ ಪಾಠ ಮಾಡಿದ್ದಾರೆ. ನಿವೃತ್ತಿಯಾಯಿತೇ ಹೊರತು ಮೇಷ್ಟ್ರತನ ಹೋಗಲಿಲ್ಲ. ಮನೆ ಮುಂದೆ ತರಕಾರಿ ಮಾರುವವಳಿಗೂ ದ್ರವ್ಯರಾಶಿಗೂ ತೂಕಕ್ಕೂ ಇರುವ ವ್ಯತ್ಯಾಸ ವಿವರಿಸುತ್ತಾರೆ. ಅವಳು ಎಲ್ಲಾ ಕೇಳಿಸಿಕೊಂಡು, "ಆಯ್ತು ಸಾ, ಬದನೆಕಾಯಿ ಅರ್ಧ ಕೆಜಿನಾ, ಒಂದಾ, ಅದು ಹೇಳಿ" ಎನ್ನುತ್ತಾಳೆ.

ಆ ದಿನ ಅಮ್ಮ ಮುದ್ದೆ ಬಡಿಸಿ, ಮುದ್ದೆ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಂದೆ ನಿಂತಳು.

"ನಿಮ್ಮಪ್ಪ ಸಕ್ಕರೆ ಕಾಯಿಲೆ ಮಾತ್ರೆ ಬಿಟ್ಟಿದಾರೆ ಕಣೇ. ನೀನೇ ಕೇಳು."

"ಬಿಟ್ಟಿಲ್ಲ" ಎಂದರು ಅಪ್ಪ, ತುತ್ತು ಗುಂಡಗೆ ಮಾಡುತ್ತಾ. "ನಿಲ್ಲಿಸಿದೀನಿ. ಪ್ರಯೋಗ ನಡೀತಿದೆ."

"ಏನು ಪ್ರಯೋಗ ಅಪ್ಪಾ?"

ಅವರು ಅದಕ್ಕೇ ಕಾಯುತ್ತಿದ್ದರು. ಎಡಗೈ ಮೇಲೆತ್ತಿ, ಕಪ್ಪು ಹಲಗೆಯ ಮುಂದೆ ನಿಂತವರಂತೆ ಶುರು ಮಾಡಿದರು. "ಅನ್ನ ತುಂಬ ಹೊತ್ತು ಅಗಿದ್ರೆ ಯಾಕಮ್ಮ ಸಿಹಿಯಾಗುತ್ತೆ?"

"ಜೊಲ್ಲು ಸೇರಿ ಪಿಷ್ಟ ಸಕ್ಕರೆಯಾಗುತ್ತೆ. ಎಂಟನೇ ಕ್ಲಾಸಲ್ಲಿ ನೀವೇ ಹೇಳ್ಕೊಟ್ಟಿದ್ದು."

"ಭೇಷ್. ಮುದ್ದೆ ಅಗೀತೀವಾ?"

"ಇಲ್ಲ."

"ಅಗೀದೆ ಇದ್ರೆ ಜೊಲ್ಲು ಬೆರೆಯಲ್ಲ. ಜೊಲ್ಲು ಬೆರೀದೆ ಇದ್ರೆ ಪಿಷ್ಟ ಸಕ್ಕರೆ ಆಗಲ್ಲ. ಸಕ್ಕರೆನೇ ಆಗದಿದ್ರೆ ರಕ್ತಕ್ಕೆ ಸಕ್ಕರೆ ಎಲ್ಲಿಂದ ಬರುತ್ತಮ್ಮ? ಮೂರು ಹೊತ್ತೂ ಮುದ್ದೆ ನುಂಗೋ ಮನುಷ್ಯನಿಗೆ ಮಾತ್ರೆ ಯಾಕೆ?"

ಸುಳ್ಳು ಹೇಳಲಾರೆ, ಒಂದು ಗಳಿಗೆ ನನಗೂ ಸರಿಯೆನ್ನಿಸಿಬಿಟ್ಟಿತು. ಮೇಷ್ಟ್ರು ಹೇಳುವ ಧಾಟಿಯೇ ಹಾಗೆ, ಆಕಾಶ ಕೆಳಗಿದೆ ಎಂದರೂ ಒಂದು ಸಲ ಬಗ್ಗಿ ನೋಡುವಂತೆ ಹೇಳುತ್ತಾರೆ. ಅಮ್ಮ ಮಾತ್ರ ಬಗ್ಗಲಿಲ್ಲ. "ಸಕ್ಕರೆ ಇಲ್ದೇ ಇದ್ರೆ ಕಾಲಿಂದು ಯಾಕೆ ವಾಸಿಯಾಗ್ತಿಲ್ಲ ಅಂತ ಕೇಳೇ" ಎಂದಳು.

ಆಗ ನೋಡಿದೆ. ಅಪ್ಪ ಬಲಗಾಲನ್ನು ಪಂಚೆಯೊಳಗೆ ಮಡಚಿಕೊಂಡು ಕೂತಿದ್ದರು. ಹೊಸ ಚಪ್ಪಲಿ ಉಜ್ಜಿ ಹೆಬ್ಬೆರಳ ಪಕ್ಕ ಆದ ಗಾಯವಂತೆ. ಹಳೇ ಪಂಚೆಯ ಬಟ್ಟೆ ಸುತ್ತಿದ್ದರು. ಬಿಚ್ಚಿಸಿದೆ. ಗಾಯದ ಸುತ್ತ ಚರ್ಮ ಕಪ್ಪಗಾಗಿತ್ತು, ಪಾದ ಊದಿತ್ತು. ದೊಡ್ಡಪ್ಪನ ಕಾಲು ಶುರುವಾದದ್ದೂ ಹೀಗೇ. ಅಪ್ಪನ ಅಣ್ಣ ಅವರು. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಅವರೇ.

"ಅಪ್ಪಾ, ಈಗಲೇ ಏಳಿ, ಆಸ್ಪತ್ರೆಗೆ ಹೋಗೋಣ."

"ಭಾನುವಾರ ಯಾವ ಡಾಕ್ಟ್ರು ಕೂತಿರ್ತಾರೆ? ಚಪ್ಪಲಿ ಗಾಯಕ್ಕೆಲ್ಲ ಇಷ್ಟು ಗಾಬರಿಯಾ? ಮೊದಲು ಇದನ್ನ ನೋಡು" ಎಂದು ಮೊಬೈಲು ಮುಂದೆ ಹಿಡಿದರು.

ಅದರಲ್ಲಿ ಒಂದು ಸಂದೇಶ. ಹೂವಿನ ಚಿತ್ರ, ಕೈಮುಗಿದ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರ: ಮುದ್ದೆ ನುಂಗುವವರಿಗೆ ಸಕ್ಕರೆ ಕಾಯಿಲೆಯ ಭಯವಿಲ್ಲ, ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಸತ್ಯ, ಎಲ್ಲರಿಗೂ ಕಳಿಸಿ. ಜಪಾನಿನಲ್ಲಿ ಮುದ್ದೆ ತಿರುವುವವರು ಯಾರು ಎಂದು ಯಾರೂ ಕೇಳಿದಂತೆ ಕಾಣಲಿಲ್ಲ.

"ಇದು ನನಗೆ ಮೊದಲೇ ಹೊಳೆದಿತ್ತು ಕಣಮ್ಮ" ಎಂದರು ಅಪ್ಪ, ನಾಚಿಕೆ ಸಂತೋಷ ಎರಡೂ ಸೇರಿದ ದನಿಯಲ್ಲಿ. "ಆದ್ರೆ ಒಬ್ಬನಿಗೆ ಹೊಳೆದದ್ದು ವಿಜ್ಞಾನ ಆಗಲ್ಲ. ಸಾಕ್ಷಿ ಬೇಕು. ಈಗ ನೋಡು, ಇದು ಬಂದಿರೋದು ಗೌರಿಬಿದನೂರು ಕಡೆಯಿಂದ. ಅತ್ತ ಚಿಂತಾಮಣೀಲಿ ಒಬ್ಬ ಡಾಕ್ಟ್ರೇ ಒಪ್ಪಿಕೊಂಡಿದಾರಂತೆ. ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ. ಎರಡು ದಿಕ್ಕಿಂದ ಒಂದೇ ಮಾತು ಬಂದ್ರೆ ಅದು ಗಟ್ಟಿ ಸಾಕ್ಷಿ."

"ಈ ಎರಡನ್ನೂ ನಿಮಗೆ ತಲುಪಿಸಿದವರು ಯಾರು?"

"ನಮ್ಮ ಪೋಸ್ಟ್‌ಮಾಸ್ಟರ್ರು."

ಪೋಸ್ಟ್‌ಮಾಸ್ಟರ್ ಎಂದರೆ ಅಪ್ಪನ ಗೆಳೆಯರು, ಅವರೂ ನಿವೃತ್ತರೇ. ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಒಂದು ಟೀ ಅಂಗಡಿಯ ಬೆಂಚಿದೆ. ಸಂಜೆ ಇಬ್ಬರೂ ಅಲ್ಲಿ ಕೂತು ಜಗತ್ತನ್ನು ಸರಿ ಮಾಡುತ್ತಾರೆ.

"ಅಂದ್ರೆ ಎರಡೂ ಒಬ್ಬರ ಕೈಯಿಂದಲೇ ಬಂದಿದೆ" ಎಂದೆ.

"ಊರಿನ ಪೋಸ್ಟೆಲ್ಲಾ ಪೋಸ್ಟ್‌ಮಾಸ್ಟರ್ ಕೈಯಿಂದಲೇ ಬರೋದು ಕಣಮ್ಮ. ಹಾಗಂತ ಎಲ್ಲಾ ಕಾಗದನೂ ಅವರೇ ಬರೀತಾರಾ?"

ಅಮ್ಮ ಆಂಧ್ರದ ಗಡಿಯ ಹಳ್ಳಿಯವಳು, ಸಿಟ್ಟು ನೆತ್ತಿಗೇರಿದರೆ ಕನ್ನಡ ಸಾಲುವುದಿಲ್ಲ. "ಈಯನ್ಕಿ ಎವರು ಚೆಪ್ತಾರೇ!" ಎಂದು ಮುದ್ದೆ ಕೋಲನ್ನು ಪಾತ್ರೆಗೆ ಎಸೆದಳು. ಇವರಿಗೆ ಹೇಳೋರು ಯಾರು ಎಂದು. ಹೇಳುವವರು ಯಾರೂ ಇಲ್ಲದ್ದೇ ತೊಂದರೆ. ಊರಿಗೆಲ್ಲ ಹೇಳುವವರೇ ಅವರಾಗಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನರನ್ನು ನೋಡಿದ್ದೇನೆ, ನಮ್ಮಪ್ಪ ಆ ನಾಲ್ಕನೇ ಕಾಲು ಯಾಕೆ ಇಲ್ಲ ಎಂದು ಚಿತ್ರ ಬರೆದು ತೋರಿಸುವ ಪೈಕಿ.

ಆದರೆ ನಾನು ಅವರ ಮಗಳು ಮಾತ್ರವಲ್ಲ, ಅವರ ಶಿಷ್ಯೆಯೂ ಹೌದು. ಪ್ರತಿ ವರ್ಷ ಮೊದಲ ಪಾಠಕ್ಕೆ ಅಪ್ಪ ಹಲಗೆಯ ಮೇಲೆ ಬರೆಯುತ್ತಿದ್ದದ್ದು ಪಾಠದ ಹೆಸರಲ್ಲ, ಪ್ರಶ್ನೆಗಳು. ಯಾರು ನೋಡಿದರು? ಎಷ್ಟು ಸಲ ನೋಡಿದರು? ಬೇರೆ ಕಾರಣ ಇರಬಹುದೇ? ವರ್ಷವಿಡೀ ಅದನ್ನು ಅಳಿಸಲು ಬಿಡುತ್ತಿರಲಿಲ್ಲ. ಲೈಬ್ರರಿಯಲ್ಲಿ ಹುಡುಗರು ಎಲ್ಲಿಂದಲೋ ಇಳಿಸಿಕೊಂಡ ಪ್ರಬಂಧ ತಂದು ತೋರಿಸಿದಾಗ ನಾನು ಕೇಳುವುದೂ ಇದನ್ನೇ. "ಮೂಲ ಎಲ್ಲಿದೆಯಪ್ಪಾ?" ಎಂದರೆ "ಇಂಟರ್ನೆಟ್ ಮೇಡಂ" ಎನ್ನುತ್ತಾರೆ. ಮನೆ ವಿಳಾಸ ಕೇಳಿದರೆ ಭೂಮಿ ಎಂದಂತೆ.

ಅದಕ್ಕೇ ಅಪ್ಪನಿಗೆ ಸವಾಲು ಹಾಕಿದೆ. "ನಾಳೆ ರಜೆ ಹಾಕ್ತೀನಿ. ನಿಮ್ಮ ಎರಡೂ ಮೂಲಕ್ಕೆ ಹೋಗಿ ನೋಡ್ಕೊಂಡು ಬರ್ತೀನಿ. ಗಟ್ಟಿ ಇದ್ರೆ ನಾನು ಬಾಯಿ ಮುಚ್ಕೋತೀನಿ. ಟೊಳ್ಳಾಗಿದ್ರೆ ಮಾತ್ರೆ, ಡಾಕ್ಟ್ರು, ಎರಡೂ."

"ನೀನು ಬಾಯಿ ಮುಚ್ಕೊಳ್ಳೋದಾ? ಅದಕ್ಕಾದ್ರೂ ಒಪ್ಕೋಬೇಕು" ಎಂದು ನಕ್ಕರು. ಅಮ್ಮನನ್ನು ಸಾಕ್ಷಿಗೆ ನಿಲ್ಲಿಸಿದೆವು.

ಬೆಳಿಗ್ಗೆ ಚಿಂತಾಮಣಿಯ ಬಸ್ಸು ಹತ್ತಿದೆ. ಅಪ್ಪ ಹೇಳಿದ ಗುರುತು ಹಿಡಿದು, ಬಸ್ ಸ್ಟ್ಯಾಂಡಿನಿಂದ ಕೇಳಿಕೊಂಡು ಕೇಳಿಕೊಂಡು ಡಾಕ್ಟರರ ಆಸ್ಪತ್ರೆ ಹುಡುಕಿದೆ. ಗೇಟಿನಲ್ಲೇ ಒಂದು ಸೀಮೆಹಸು ಅಡ್ಡ ನಿಂತು ನನ್ನನ್ನು ಮೂಸಿತು. ಒಳಗೆ ಎರಡು ಕುರಿ, ಒಂದು ಕರು, ಕರುವಿನ ಬಾಲ ಹಿಡಿದುಕೊಂಡ ಒಬ್ಬ ಯಜಮಾನ. ಡಾಕ್ಟರು ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ದನದ ಡಾಕ್ಟರು!

ನಗು ಬಂತು, ಅಳುವೂ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ ಎಂಬ ಗಾದೆ ನಮ್ಮಪ್ಪನಿಗೇ ಮಾಡಿದ್ದು, ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಎಂದುಕೊಂಡೆ. ಆದರೂ ಬಂದ ಕೆಲಸ ಮಾಡಬೇಕಲ್ಲ, ವಿಷಯ ಹೇಳಿದೆ. ಅವರು ಪೋಸ್ಟ್‌ಮಾಸ್ಟರರ ಸೋದರಳಿಯ.

"ಅಯ್ಯೋ ಮೇಡಂ" ಎಂದು ಡಾಕ್ಟರು ಟವೆಲ್ಲಿಗೆ ಕೈ ಒರೆಸಿಕೊಂಡರು. "ಮಾವ ಫೋನ್ ಮಾಡಿ, ಅಗೀದೆ ನುಂಗಿದ್ರೆ ತಕ್ಷಣ ಜೀರ್ಣ ಆಗುತ್ತೇನೋ ಅಂದ್ರು. ಆಗಲ್ಲ ಮಾವ, ಮೊದಲು ನುಂಗುತ್ತೆ, ಆಮೇಲೆ ನಿಧಾನಕ್ಕೆ ಮೆಲುಕು ಹಾಕುತ್ತೆ ಅಂದೆ. ನಾನು ಹಸು ವಿಷಯ ಅಂದ್ಕೊಂಡಿದ್ದೆ. ನನ್ನನ್ನ ಯಾರು ಮೇಡಂ ಮನುಷ್ಯರ ವಿಷಯ ಕೇಳ್ತಾರೆ?"

"ನಮ್ಮಪ್ಪ ಕೇಳಿದಾರೆ, ನೋಡಿ."

"ನಿಮ್ಮಪ್ಪನೂ ಮೆಲುಕು ಹಾಕ್ತಾರಾ?"

"ಹಾಕ್ತಾರೆ, ಹಳೇ ಕಥೆಗಳನ್ನ" ಎಂದೆ. ಬಾಲ ಹಿಡಿದುಕೊಂಡಿದ್ದ ಯಜಮಾನನೂ ನಕ್ಕ, ಬಾಲ ಬಿಟ್ಟ, ಕರು ಓಡಿತು.

ಅದನ್ನು ಹಿಡಿದು ತರುವಷ್ಟರಲ್ಲಿ ಡಾಕ್ಟರರ ಮುಖ ಬದಲಾಗಿತ್ತು. "ಅವರ ಕಾಲಲ್ಲಿ ಗಾಯ ಏನಾದ್ರೂ ಇದ್ಯಾ ಮೇಡಂ?" ಎಂದು ಕೇಳಿದರು. ಇದೆ, ಸುತ್ತ ಕಪ್ಪಗಾಗಿದೆ ಎಂದೆ. "ಕಾಯ್ಬೇಡಿ. ಬೇಗ ತೋರಿಸಿ. ಮನುಷ್ಯರ ಡಾಕ್ಟ್ರಿಗೆ" ಎಂದರು. ನಗುತ್ತಿರಲಿಲ್ಲ.

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಪ್ಪನ ಸಂದೇಶವನ್ನು ನನ್ನ ಮೊಬೈಲಿನಲ್ಲಿ ತೆರೆದೆ, ಹಿಂದಿನ ದಿನವೇ ಕಳಿಸಿಕೊಂಡಿದ್ದೆ. ಒಂದು ಮೂಲ ಕೊಟ್ಟಿಗೆ ಸೇರಿತ್ತು, ಇನ್ನೊಂದು ಜಪಾನು. ಸಂದೇಶದ ಕೊನೆಯಲ್ಲಿ 'ಮುಂದೆ ಓದಿ' ಎಂದಿತ್ತು. ಒತ್ತಿದರೆ ಇನ್ನೂ ಅಷ್ಟುದ್ದ ಬಿಚ್ಚಿಕೊಂಡಿತು. ಅಪ್ಪನಿಗೆ ಅದನ್ನು ಒತ್ತಬೇಕೆಂದೇ ಗೊತ್ತಿಲ್ಲ, ಗೊತ್ತಿದ್ದವಳು ಅವರಿಗೆ ಹೇಳಿಕೊಟ್ಟಿರಲಿಲ್ಲ. ಅವರು ಓದಿದ್ದು ತಲೆಬರಹ ಮತ್ತು ಎರಡು ಸಾಲು ಅಷ್ಟೇ. ಪಠ್ಯಪುಸ್ತಕದ ಕೊನೆಯ ಪುಟದ ಅಚ್ಚಿನ ತಪ್ಪನ್ನೂ ಹುಡುಕುತ್ತಿದ್ದ ಮನುಷ್ಯ!

ನಾನು ಓದುತ್ತಾ ಹೋದೆ. 'ಬಾಯಿ ಎಂದರೆ ಬಸ್ ನಿಲ್ದಾಣ. ಜೊಲ್ಲು ಎಂದರೆ ಕಂಡಕ್ಟರ್. ಅಗಿದ ಅನ್ನಕ್ಕೆ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾನೆ, ಅದು ಸಕ್ಕರೆಯಾಗುತ್ತದೆ. ಮುದ್ದೆಯಾದರೋ ಟಿಕೆಟ್ ಇಲ್ಲದ ಪ್ರಯಾಣಿಕ, ಕಂಡಕ್ಟರ್ ನೋಡುವ ಮುಂಚೆ ಒಳಗೆ ನುಗ್ಗಿಬಿಡುತ್ತದೆ.'

"ಟಿಕೆಟ್ ಎಲ್ಲಿಗಮ್ಮ?" ಎಂದು ಪಕ್ಕದಲ್ಲಿ ಕಂಡಕ್ಟರು ಕೇಳುತ್ತಲೇ ಇದ್ದರು. ನನಗೆ ಕೇಳಿಸಲಿಲ್ಲ. ಈ ಬಸ್ಸು, ಈ ಕಂಡಕ್ಟರು, ಈ ಟಿಕೆಟ್ಟು, ಇದಿಷ್ಟನ್ನೂ ನಾನು ಎರಡನೇ ಬೆಂಚಿನಲ್ಲಿ ಕೂತು ಕೇಳಿದ್ದೆ. ಜಪಾನಿನ ಯಾವ ವಿಜ್ಞಾನಿಯೂ ಶಿಡ್ಲಘಟ್ಟದ ಬಸ್ಸಿನಲ್ಲಿ ಓಡಾಡಿಲ್ಲ. ಇದು ನಮ್ಮಪ್ಪನ ಪಾಠ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗೆ ನಾನು ಚಿಂತಾಮಣಿಯವರೆಗೆ ಹೋಗಿ ಬಂದಿದ್ದೆ.

ಆದರೂ ಒಬ್ಬರು ಆಡುವ ಮಾತು ಇನ್ನೊಬ್ಬರಿಗೂ ಬರಬಹುದು, ಹೋಲಿಕೆ ಒಂದೇ ಸಾಕ್ಷಿಯಾಗದು. ಬೇರೆ ಕಾರಣ ಇರಬಹುದೇ? ಇಳಿದವಳೇ ಟೀ ಅಂಗಡಿಗೆ ಹೋದೆ. ಪೋಸ್ಟ್‌ಮಾಸ್ಟರು ಆಗಲೇ ಬೆಂಚಿನಲ್ಲಿದ್ದರು, ಸಕ್ಕರೆ ಹಾಕಿದ ಟೀ ಕುಡಿಯುತ್ತಾ.

"ಬಾರಮ್ಮ, ಟೀ ಕುಡಿ. ನಿಮ್ಮಪ್ಪನ ಸಿದ್ಧಾಂತ ಎಲ್ಲೆಲ್ಲಿಗೆ ಹೋಗಿದೆ ನೋಡಿದ್ಯಾ?"

"ನಮ್ಮಪ್ಪನದಾ? ಜಪಾನಿನವರದಲ್ವಾ?"

"ಯಾವ ಜಪಾನಮ್ಮ? ಯುಗಾದಿ ಕಳೆದ ಮೇಲೆ ಇದೇ ಬೆಂಚಿನ ಮೇಲೆ ಕೂತು ನಿಮ್ಮಪ್ಪ ಹೇಳಿದ್ದು, ಕಂಡಕ್ಟರು ಗಿಂಡಕ್ಟರು ಎಲ್ಲಾ ಸೇರಿಸಿ. ನನಗೆ ತುಂಬ ಹಿಡಿಸ್ತು. ನಮ್ಮ ಅಳಿಯನಿಗೆ, ಮಗಳ ಗಂಡನಿಗೆ, ಹೇಳಿದೆ. ಅವನು ಗೌರಿಬಿದನೂರು ಹತ್ರ ಕುಡುಮಲಕುಂಟೆ ಫ್ಯಾಕ್ಟ್ರೀಲಿ ಸೂಪರ್‌ವೈಸರು, ಮೊಬೈಲಲ್ಲಿ ಚೆನ್ನಾಗಿ ಬರೀತಾನೆ."

ಅಳಿಯನಿಗೆ ಫೋನ್ ಮಾಡಿಸಿದೆ, ಸ್ಪೀಕರ್ ಹಾಕಿಸಿದೆ. ಹಿಂದೆ ಮೆಷಿನ್ನುಗಳ ಸದ್ದು. ಜಪಾನ್ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಆ ಅಳಿಯ ಸ್ವಲ್ಪವೂ ಅಳುಕಲಿಲ್ಲ.

"ಶಿಡ್ಲಘಟ್ಟದ ಮೇಷ್ಟ್ರು ಹೇಳಿದ್ರು ಅಂತ ಹಾಕಿದ್ರೆ ಯಾರು ಮೇಡಂ ಓದ್ತಾರೆ? ಅದಕ್ಕೆ ಜಪಾನ್ ಹಾಕ್ದೆ. ಸಖತ್ ಓಡ್ತು. ನಮ್ಮ ಕ್ಯಾಂಟೀನ್ ಅಡುಗೆ ಅಮ್ಮನೂ ಮಾತ್ರೆ ನಿಲ್ಲಿಸಿದಾರೆ, ಆರಾಮಾಗಿದೀನಿ ಅಂತಾರೆ."

ಬೆಂಚಿನ ಮೇಲೆ ಪೋಸ್ಟ್‌ಮಾಸ್ಟರು ಟೀ ಲೋಟ ಕೆಳಗಿಟ್ಟರು. "ನಾನೂ ಈ ತಿಂಗಳಿಂದ ಮಾತ್ರೆ ಬಿಡೋಣ ಅಂತಿದ್ದೆ" ಎಂದರು, ಮೆಲ್ಲಗೆ.

ಈಗ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಭಯ ಬಂತು. ಒಬ್ಬ ಮುದುಕ ಸಂಜೆ ಬೆಂಚಿನ ಮೇಲೆ ಆಡಿದ ಮಾತು ಗೌರಿಬಿದನೂರು ಸುತ್ತಿ, ಚಿಂತಾಮಣಿಯ ಹಸುವನ್ನೂ ಮುಟ್ಟಿ, ಜಪಾನಿನ ಕೋಟು ಹಾಕಿಕೊಂಡು ಅದೇ ಮುದುಕನ ಮನೆ ಬಾಗಿಲಿಗೆ ಬಂದು ನಿಂತಿತ್ತು. ಅವರು ಗುರುತು ಹಿಡಿಯದೆ ಒಳಗೆ ಕರೆದು ಕೂರಿಸಿಬಿಟ್ಟಿದ್ದರು. ನಡುವೆ ಯಾರ ಯಾರ ಮನೆಯಲ್ಲಿ ಮಾತ್ರೆಗಳು ಕಪಾಟು ಸೇರಿದ್ದವೋ.

ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಗೆ ಹೇಳುವುದು ಎಂದೇ ಯೋಚನೆ. ಗೆದ್ದೆ ಎನ್ನುವ ಹಿಗ್ಗು ಒಂದು ಚೂರೂ ಇರಲಿಲ್ಲ. ನಿವೃತ್ತಿಯಾದ ಮೇಲೆ ಅಪ್ಪ ಹೀಗೆ ಬೆಳಗಿದ್ದನ್ನು ನಾನು ನೋಡಿರಲಿಲ್ಲ. ತಾನು ಊಹಿಸಿದ್ದನ್ನು ಜಗತ್ತು ಕಂಡುಹಿಡಿಯಿತು ಎಂಬುದು ಯಾವ ಮೇಷ್ಟ್ರಿಗೆ ಬೇಡ?

ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಬಟ್ಟೆ ಸುತ್ತಿದ ಕಾಲು ಮುಂದಿನ ಸ್ಟೂಲಿನ ಮೇಲೆ.

"ಏನಮ್ಮಾ, ಚಿಂತಾಮಣಿ ಡಾಕ್ಟ್ರು ಏನಂದ್ರು?"

"ತುಂಬ ಒಳ್ಳೇ ಡಾಕ್ಟ್ರು ಅಪ್ಪಾ. ನಿಮಗೆ ಹಿಂಡಿ, ಬೂಸ ಎಷ್ಟು ಕೊಡಬೇಕು ಅಂತ ಮಾತ್ರ ಕೇಳೋದು ಮರೆತೆ."

ಅಮ್ಮನಿಗೆ ತಕ್ಷಣ ಅರ್ಥವಾಯಿತು, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಅಪ್ಪ ಕೆಮ್ಮಿದರು. "ಆಯ್ತು, ಅದು ಹೋಯ್ತು. ಗೌರಿಬಿದನೂರಿಂದು?"

ನಾನು ಮೊಬೈಲು ತೆಗೆದು 'ಮುಂದೆ ಓದಿ' ಒತ್ತಿ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಬಸ್ ನಿಲ್ದಾಣ ಬಂದಾಗ ತುಟಿ ಅಲುಗಿತು. ಕಂಡಕ್ಟರ್ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಬಗ್ಗಿ ಕೊನೆಯವರೆಗೂ ಓದಿದರು. ನಾನು ಬೆಂಚಿನ ವಿಷಯ, ಅಳಿಯನ ವಿಷಯ, ಕ್ಯಾಂಟೀನ್ ಅಮ್ಮನ ವಿಷಯ ಎಲ್ಲಾ ಹೇಳಿದೆ. ಗೇಲಿ ಮಾಡುವ ಮನಸ್ಸು ಎಲ್ಲೋ ಹೋಗಿತ್ತು.

"ಅಪ್ಪಾ, ಇದರಲ್ಲಿ ಒಂದು ಬಿಟ್ಟುಹೋಗಿದೆ" ಎಂದೆ. "ಕ್ಲಾಸಲ್ಲಿ ನೀವು ಪಾಠ ಅಲ್ಲಿಗೆ ನಿಲ್ಲಿಸ್ತಿರಲಿಲ್ಲ. ಕಂಡಕ್ಟರ್ ಕಣ್ಣು ತಪ್ಪಿಸಿದೆ ಅಂತ ಖುಷಿಪಡ್ಬೇಡ್ರೋ, ಮುಂದೆ ಚೆಕಿಂಗ್‌ನವರು ಹತ್ತುತಾರೆ ಅಂತಿದ್ರಿ."

"ಮೇದೋಜ್ಜೀರಕ ಗ್ರಂಥಿ" ಎಂದರು ಅಪ್ಪ. ದನಿ ಬಹಳ ಸಣ್ಣದಾಗಿತ್ತು. "ಸಣ್ಣ ಕರುಳಲ್ಲಿ ಹತ್ತುತಾರೆ. ಅವರ ಕೈಯಿಂದ ಯಾರೂ ತಪ್ಪಿಸಿಕೊಳ್ಳಲ್ಲ. ಮುದ್ದೆನೂ ಇಲ್ಲ."

"ಗೊತ್ತಿದ್ದೂ ಯಾಕಪ್ಪಾ ಬಿಟ್ರಿ?"

ಅವರು ಬಗ್ಗಿ ಕಾಲಿಗೆ ಸುತ್ತಿದ ಬಟ್ಟೆಯ ತುದಿ ಸರಿಮಾಡಿಕೊಂಡರು. ಆಮೇಲೆ ಹೇಳಿದರು. "ಹೋದ ಸಲ ಡಾಕ್ಟ್ರು, ಮಾತ್ರೇಲಿ ಇಳೀತಿಲ್ಲ, ಇನ್ನು ಇಂಜೆಕ್ಷನ್ ಶುರು ಮಾಡ್ಬೇಕಾಗುತ್ತೆ ಅಂದ್ರು ಕಣಮ್ಮ. ನಿಮ್ಮಮ್ಮನಿಗೂ ಹೇಳಿಲ್ಲ. ಅಣ್ಣನಿಗೆ ಸೂಜಿ ಶುರುವಾದ ಮೇಲೆ ಎಷ್ಟು ದಿನ ಉಳಿದ? ನನಗೆ ಹೆದರಿಕೆಯಾಯ್ತು."

ನಮ್ಮಪ್ಪನ ಬಾಯಲ್ಲಿ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹಾವು ಹೊಕ್ಕ ಕೊಠಡಿಗೆ ಮಕ್ಕಳನ್ನು ಆಚೆ ಕಳಿಸಿ ತಾವೇ ಹೋದವರು. ಪಕ್ಕದಲ್ಲಿ ಕೂತು ಕೈ ಹಿಡಿದು, "ಬೇರೆ ಕಾರಣ ಇರಬಹುದೇ?" ಎಂದು ಕೇಳಿದೆ. ಹಲಗೆಯ ಮೇಲಿನ ಅದೇ ಪ್ರಶ್ನೆ.

ಅಪ್ಪ ಸುಮ್ಮನೆ ತಲೆಯಾಡಿಸಿದರು. "ಇತ್ತು. ಅಣ್ಣನೂ ಕೊನೇವರೆಗೂ ಮುಂದಕ್ಕೆ ಹಾಕ್ದ. ಸೂಜಿ ತಡವಾಗಿ ಬಂತು. ಸೂಜಿಯಿಂದ ಹೋಗಲಿಲ್ಲ." ಕನ್ನಡಕ ತೆಗೆದು ಅಂಗಿಯಂಚಿಗೆ ಒರೆಸಿಕೊಂಡರು. "ಹಾಗಾದ್ರೆ ನಮ್ಮ ಸಿದ್ಧಾಂತಕ್ಕೆ ಒಟ್ಟು ಎಷ್ಟು ಮೂಲ ಆಯ್ತಮ್ಮ?"

"ಒಂದೇ ಅಪ್ಪಾ. ಶಿಡ್ಲಘಟ್ಟದಲ್ಲಿ ಒಬ್ಬ ಮೇಷ್ಟ್ರು."

"ಆ ಮನುಷ್ಯನ್ನ ನಾನು ಚೆನ್ನಾಗಿ ಬಲ್ಲೆ" ಎಂದರು ಅಪ್ಪ. "ಬುದ್ಧಿವಂತನೇ. ಆದ್ರೆ ಹೆದರಿದಾಗ ಅವನ ಮಾತು ನಂಬಬಾರದು." ಒಳಗೆ ತಿರುಗಿ ಕೂಗಿದರು, "ಲೇ, ಆ ಮಾತ್ರೆ ಡಬ್ಬಿ ತಗೊಂಡು ಬಾ."

ಅಮ್ಮ ಬಾಗಿಲ ಹಿಂದೆಯೇ ನಿಂತಿದ್ದಳು. ಡಬ್ಬಿ ಕೈಯಲ್ಲೇ ಇತ್ತು, ಎಲ್ಲಾ ಕೇಳಿಸಿಕೊಂಡಿದ್ದಳು. ಇಂಜೆಕ್ಷನ್ ವಿಷಯ ಮುಚ್ಚಿಟ್ಟದ್ದಕ್ಕೆ ತೆಲುಗಿನಲ್ಲಿ ಒಂದಷ್ಟು ಬೈದು, ಕನ್ನಡದಲ್ಲಿ ನೀರು ಕೊಟ್ಟಳು.

ಮಾತ್ರೆ ನುಂಗಿದ ಕೂಡಲೇ ಅಪ್ಪ ಪೋಸ್ಟ್‌ಮಾಸ್ಟರರ ಅಳಿಯನಿಗೆ ಫೋನ್ ಮಾಡಿಸಿದರು. "ಬರ್ಕೋಪ್ಪ" ಎಂದು ಹೊಸ ಸಂದೇಶ ಹೇಳಿ ಬರೆಸಿದರು. ಮುದ್ದೆಯ ವಿಷಯ ಹೇಳಿದ್ದು ತಪ್ಪು, ಚೆಕಿಂಗ್‌ನವರನ್ನು ಮರೆತಿದ್ದೆ, ಮಾತ್ರೆ ನಿಲ್ಲಿಸಿದವರು ಇವತ್ತೇ ಡಾಕ್ಟರನ್ನು ನೋಡಿ.

"ಸಾರ್, ತಪ್ಪಾಯ್ತು ಅಂತ ಹಾಕಿದ್ರೆ ಓಡಲ್ಲ" ಎಂದ ಅಳಿಯ. "ಜರ್ಮನಿ ಅಂತ ಹಾಕ್ಲಾ?"

"ಬೇಡಪ್ಪ. ನನ್ನ ಹೆಸರು ಹಾಕು, ಫೋನ್ ನಂಬರ್ ಹಾಕು. ಅನುಮಾನ ಬಂದೋರು ಕೇಳೋಕೆ ಆ ಕಡೆ ಒಬ್ಬ ಮನುಷ್ಯ ಇರ್ಬೇಕು. ಆ ಅಡುಗೆ ಅಮ್ಮನಿಗೆ ಮಾತ್ರ ನೀನೇ ಹೋಗಿ ಬಾಯಲ್ಲಿ ಹೇಳು, ಈಗಲೇ."

ಸಂದೇಶ ಅಷ್ಟೇನೂ ಓಡಲಿಲ್ಲ, ತೆವಳಿತು. ಆದರೆ ಫೋನುಗಳು ಬಂದವು. ಅಪ್ಪ ಪ್ರತಿಯೊಬ್ಬರಿಗೂ ಪೂರ್ತಿ ಪಾಠ ಮಾಡಿದರು, ಬಸ್ ನಿಲ್ದಾಣದಿಂದ ಸಣ್ಣ ಕರುಳಿನವರೆಗೆ. ಒಬ್ಬಾತ ಮಧ್ಯದಲ್ಲೇ "ಗೊತ್ತಾಯ್ತು ಸಾರ್, ಮಾತ್ರೆ ತಗೋತೀನಿ, ಬಿಟ್ಬಿಡಿ" ಎಂದನಂತೆ.

ನಾನು ಚಿಂತಾಮಣಿಯಿಂದ ಬಂದ ಮರುದಿನವೇ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಗಾಯ ತೊಳೆಸಿ, ರಕ್ತ ನೋಡಿ, ಇನ್ನು ಸ್ವಲ್ಪ ತಡವಾಗಿದ್ದರೆ ಬೆರಳು ಉಳಿಸುವುದು ಕಷ್ಟವಿತ್ತು ಎಂದರು. ಇಂಜೆಕ್ಷನ್ ಅವತ್ತೇ ಶುರುವಾಗಬೇಕು. ಅಪ್ಪ ಮಂಚದ ಅಂಚಿನಲ್ಲಿ ಕೂತಿದ್ದರು, ಒಂದು ಕೈ ನನ್ನ ಕೈಯಲ್ಲಿ, ಇನ್ನೊಂದು ಅಮ್ಮನ ಕೈಯಲ್ಲಿ. ಚಿಕ್ಕ ವಯಸ್ಸಿನ ನರ್ಸ್ ಒಬ್ಬಳು ಸಣ್ಣ ಸಿರಿಂಜು ಹಿಡಿದು ಬಂದಳು.

"ನೋವಾಗಲ್ಲ ಸಾರ್, ಇರುವೆ ಕಚ್ಚಿದಂಗೆ ಅಷ್ಟೇ."

ಅಪ್ಪ ಹಿಂದಕ್ಕೆ ಸರಿದರು. "ಯಾರಮ್ಮ ಹೇಳಿದ್ದು ನೋವಾಗಲ್ಲ ಅಂತ?"

ಅಯ್ಯೋ, ಶುರುವಾಯಿತು ಎಂದು ಅಮ್ಮ ಹಣೆ ಚಚ್ಚಿಕೊಂಡಳು. ನರ್ಸ್ ಮಾತ್ರ ನಕ್ಕಳು. "ನಾನೇ ಹೇಳ್ತಿದೀನಿ ಸಾರ್. ನನಗೂ ಇದೆ. ಹೈಸ್ಕೂಲಲ್ಲಿದ್ದಾಗಿಂದ ದಿನಾ ನಾನೇ ಹಾಕ್ಕೋತೀನಿ. ಬೆಳಿಗ್ಗೆನೂ ಹಾಕ್ಕೊಂಡೇ ಬಂದೆ."

ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಗಟ್ಟಿಮುಟ್ಟಾಗಿದ್ದ ಹುಡುಗಿ, ಮುಡಿಯಲ್ಲಿ ಕನಕಾಂಬರ, ಬೆಳಿಗ್ಗೆಯಿಂದ ನಿಂತೇ ಕೆಲಸ ಮಾಡುತ್ತಿದ್ದಳು. ಯಾರು ನೋಡಿದರು, ಎಷ್ಟು ಸಲ ನೋಡಿದರು ಎಂದು ಅವರು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದದ್ದು ನನಗೆ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ನಮ್ಮಿಬ್ಬರ ಕೈಯನ್ನೂ ಬಿಟ್ಟರು.

"ಹಾಗಾದ್ರೆ ಹಾಕಮ್ಮ" ಎಂದು ತಾವೇ ಅಂಗಿ ಮೇಲೆತ್ತಿ ಹೊಟ್ಟೆ ತೋರಿಸಿದರು.